ಮದುವೆಯಾಗಿ ಜರ್ಮನಿಗೆ ಹೋದರೆ ಇಡೀ ದಿನ ಒಬ್ಬಳೇ ಏನು ಮಾಡೋದು?

ಪ್ರಶ್ನೆ ಪೂರ್ತಿ ಓದಿದೆ. ನೀವು ಬೀದರ್‌ನವರು, ಮೇ ತಿಂಗಳಲ್ಲಿ ಮದುವೆ, ಹುಡುಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾರೆ, ನೀವು ಇವತ್ತಿನವರೆಗೆ ಅವ್ವ-ಅಪ್ಪನನ್ನು ಬಿಟ್ಟು ಒಂದು ವಾರವೂ ಇದ್ದವರಲ್ಲ. ಅಲ್ಲಿ ಒಬ್ಬಳೇ ಕೂತರೆ ತಲೆ ಕೆಡಲ್ವಾ ಅಂತ ಕೇಳಿದ್ದೀರಿ.

ನಾನು ಕಲಬುರಗಿಯವಳು. ಮದುವೆಯಾಗಿ ಐದು ತಿಂಗಳಿಗೆ, 2023ರ ಅಕ್ಟೋಬರ್‌ನಲ್ಲಿ, ಸ್ಟಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿಗೆ ಬಂದೆ. ತಲೆ ಕೆಟ್ಟಿತ್ತು. ಸುಳ್ಳು ಯಾಕೆ ಹೇಳಲಿ. ಈಗ ಪರವಾಗಿಲ್ಲ.

ಎಲ್ಲರೂ ಚಳಿ ಬಗ್ಗೆ ಹೆದರಿಸುತ್ತಾರೆ. 43 ಡಿಗ್ರಿ ಬಿಸಿಲಲ್ಲಿ ಬೆಳೆದವಳು ಹೇಗಿರ್ತೀ ಅಂತ. ಚಳಿಗೆ ಜಾಕೆಟ್ ಇದೆ, ಮನೆಯಲ್ಲಿ ಹೀಟರ್ ಇದೆ, ಅದೇನೂ ದೊಡ್ಡದಲ್ಲ. ಕಷ್ಟ ಬೇರೆ ಕಡೆ ಇದೆ. ನಮ್ಮ ಕಡೆ ಹೊಸ ಸೊಸೆಗೆ ಗಂಡ ಒಬ್ಬನೇ ಸಿಗಲ್ಲ. ಅತ್ತಿ, ನಾದಿನಿ, ನೆಗೆಣ್ಣಿ, ಪಕ್ಕದ ಮನೆ ಅಜ್ಜಿ, ಎಲ್ಲರೂ ಸೇರಿಯೇ ಸಿಗುತ್ತಾರೆ. ಅವರ ಮೇಲೆ ಸಿಟ್ಟು ಬರುತ್ತೆ, ಆದರೆ ಆ ಗದ್ದಲದ ನಡುವೆ ಗಂಡನ ಪರಿಚಯ ನಿಧಾನಕ್ಕೆ ಆಗುತ್ತೆ. ಇಲ್ಲಿ ಬಾಗಿಲು ಹಾಕಿದರೆ ಇಬ್ಬರೇ. ಬೆಳಿಗ್ಗೆ ಏಳೂವರೆಗೆ ಅವರು ಹೊರಟರೆ ಒಬ್ಬಳೇ. ನಾವಿಬ್ಬರೂ ಮದುವೆಯಾದ ಮೇಲೆ ಒಟ್ಟಿಗೆ ಇದ್ದದ್ದೇ ಹದಿನೇಳು ದಿನ, ಉಳಿದದ್ದೆಲ್ಲ ವಿಡಿಯೋ ಕಾಲ್. ಅಂಥ ಮನುಷ್ಯ ನನಗೆ ಗಂಡನೂ ಆಗಬೇಕು, ಗೆಳತಿಯೂ ಆಗಬೇಕು, ಅವ್ವನೂ ಆಗಬೇಕು, ಡಾಕ್ಟರ ಮುಂದೆ ನನ್ನ ಬಾಯಿಯೂ ಆಗಬೇಕು. ಪಾಪ. ಸಂಜೆ ಬೀಗದ ಸದ್ದು ಕೇಳಿದರೆ ಸಾಕು, ಅವರು ಬೂಟು ಬಿಚ್ಚುವ ಮೊದಲೇ ನಾನು ಶುರು ಮಾಡುತ್ತಿದ್ದೆ.

ಅದಕ್ಕೇ ಹೇಳೋದು, ಬಂದ ತಕ್ಷಣ ನಿಮ್ಮದೇ ಅನ್ನುವ ನಾಲ್ಕು ಸಣ್ಣ ಕೆಲಸ ಹುಟ್ಟಿಸಿಕೊಳ್ಳಿ. ಅವರನ್ನು ಕೇಳದೆ, ಅವರಿಗೆ ಕಾಯದೆ ಮಾಡುವಂಥವು.

ನನ್ನದು ಅಂಚೆ ಡಬ್ಬಿಯಿಂದ ಶುರುವಾಯಿತು. ನಗಬೇಡಿ. ಇಲ್ಲಿ ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು, ಅನ್‌ಮೆಲ್ಡುಂಗ್ ಅಂತಾರೆ. ಆಮೇಲೆ ತೆರಿಗೆ ನಂಬರು, ವಿಮೆ ಕಾರ್ಡು, ಬ್ಯಾಂಕ್ ಕಾರ್ಡು ಎಲ್ಲ ಅಂಚೆಯಲ್ಲೇ ಬರುತ್ತವೆ. ಡಬ್ಬಿ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತೆ. ನಾನು ಪಾಸ್‌ಪೋರ್ಟಲ್ಲಿ ತವರಿನ ಅಡ್ಡಹೆಸರೇ ಉಳಿಸಿಕೊಂಡಿದ್ದೆ. (ನಮ್ಮ ಕಡೆ ಕೆಲವು ಮನೆಗಳಲ್ಲಿ ಮದುವೆ ದಿನ ಹೆಣ್ಣಿಗೆ ಬೇರೆ ಹೆಸರಿಡುತ್ತಾರಲ್ಲ, ನಮ್ಮತ್ತಿಯೂ ಇಟ್ಟರು, ಅದು ಬರೆದ ಅಕ್ಕಿ ತಟ್ಟೆಯಲ್ಲೇ ಉಳಿಯಿತು.) ಡಬ್ಬಿ ಮೇಲೆ ಇದ್ದದ್ದು ನಮ್ಮವರ ಅಡ್ಡಹೆಸರು ಮಾತ್ರ. ನನ್ನ ವಿಮೆ ಕಾರ್ಡು ವಾಪಸ್ ಹೋಯಿತು, ಅದೇ ವಾರ ಹಲ್ಲುನೋವು ಬಂತು. ಮರುದಿನವೇ ಒಂದು ಚೀಟಿಯಲ್ಲಿ ಬಾಲ್‌ಪೆನ್ನಿಂದ ದಪ್ಪಗೆ ಹೆಸರು ಬರೆದು, ಸೆಲೋಟೇಪ್ ಹಾಕಿ, ಡಬ್ಬಿಗೂ ಬೆಲ್ಲಿಗೂ ಅಂಟಿಸಿದೆ. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. "ಮನಿ ತಗೊಂಡ್ರೇನು?" ಅಂತ ಕೇಳಿದರು.

ಇನ್ನೊಂದು ಕೆಲಸ ಮೆಟ್ಟಿಲಿನದು. ಈ ಸೀಮೆಯಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ, ಗುಡಿಸುವ ವಾರ ಅಂದುಕೊಳ್ಳಿ. ಕಟ್ಟಡದ ಒಂದೊಂದು ಮನೆಯವರು ಸರದಿ ಮೇಲೆ ಮೆಟ್ಟಿಲು, ಬಾಗಿಲ ಮುಂದಿನ ದಾರಿ ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಸಣ್ಣ ಹಲಗೆ ತೂಗುತ್ತಿರುತ್ತೆ. ಫಾರಿನ್‌ಗೆ ಹೋದ ಸೊಸೆ ಮೆಟ್ಟಿಲು ಒರೆಸುತ್ತಾಳೆ ಅಂತ ಅತ್ತಿಗೆ ನಾನು ಇವತ್ತಿಗೂ ಹೇಳಿಲ್ಲ. ಆದರೆ ಊರಲ್ಲಿ ದಿನಾ ಅಂಗಳ ಗುಡಿಸಿ ಚಳಾ ಹೊಡೆದು ರಂಗೋಲಿ ಹಾಕಿದ ಕೈ, ಅದಕ್ಕೆ ಇದೇನು ಹೊಸದು? ಕೆಳಗಿನ ಮನೆಯ ಮುದುಕಿ ಬಾಗಿಲು ಅರ್ಧ ತೆಗೆದು ನೋಡುತ್ತಾ ನಿಲ್ಲುತ್ತಿದ್ದಳು. ನಮಸ್ಕಾರ ಇಲ್ಲ, ನಗು ಇಲ್ಲ. ಒಂದು ಮೂಲೆಗೆ ಬೆರಳು ತೋರಿಸಿ "ಡಾ!" ಅನ್ನೋಳು. ಅಲ್ಲಿ ಅಂತ ಅರ್ಥ. ಗುಡಿಸಿದೆ. ಇನ್ನೊಂದು ಮೂಲೆ, ಮತ್ತೆ "ಡಾ!" ಥೇಟ್ ನಮ್ಮ ದೊಡ್ಡವ್ವ.

ಅದೇ ಮುದುಕಿ ಒಂದು ಭಾನುವಾರ ಬೆಲ್ ಒತ್ತಿದಳು. ಇಲ್ಲಿ ಭಾನುವಾರ ಅಂಗಡಿ ಬಂದ್, ಸದ್ದೂ ಬಂದ್. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತೆ, ಆದರೆ ಹಳೇದು, ಜಿಗಿ ಇರಲ್ಲ, ಅಂಚು ಹರಿಯುತ್ತೆ. ಕುದಿಯುವ ನೀರು ಹಾಕಿ ನಾದಿದರೆ ಸ್ವಲ್ಪ ಹಿಡಿಯುತ್ತೆ, ಆಮೇಲೂ ಮೆಲ್ಲಗೆ, ಬಹಳ ಹೊತ್ತು ಬಡಿಯಬೇಕು. ಆ ಸದ್ದು ಕೆಳಗೆ ಅವಳ ತಲೆ ಮೇಲೆ. ನನಗೆ ಆಗ ಜರ್ಮನ್ ಬರುತ್ತಿರಲಿಲ್ಲ. ನಮ್ಮವರದು ಬ್ಲೂ ಕಾರ್ಡ್, ಅಂದರೆ ಓದಿದ ಕೆಲಸಗಾರರಿಗೆ ಕೊಡುವ ಪರವಾನಗಿ, ಆದ್ದರಿಂದ ವೀಸಾಕ್ಕೆ ಭಾಷೆ ಪರೀಕ್ಷೆ ಕೇಳಿರಲಿಲ್ಲ, ನಾನೂ ಆರಾಮ ಅಂತ ಕಲಿತಿರಲಿಲ್ಲ, ಅದು ನನ್ನದೇ ತಪ್ಪು. ಸುಮ್ನೆ ಒಳಗೆ ಕರೆದು ಹಿಟ್ಟು ತೋರಿಸಿದೆ. ಅವಳು ಕಟ್ಟೆಯನ್ನು ಬೆರಳಿಂದ ತಟ್ಟಿ ನೋಡಿ, ಒಲೆ ಪಕ್ಕದ ಟವೆಲ್ ಎತ್ತಿ, ನಾಲ್ಕು ಮಡಿಕೆ ಮಾಡಿ ರೊಟ್ಟಿ ಬಡಿಯುವ ಹಲಗೆ ಕೆಳಗೆ ತುರುಕಿದಳು. ಹೋದಳು. ನಾವೇನೂ ಗೆಳತಿಯರಾಗಲಿಲ್ಲ, ರೊಟ್ಟಿ ಕೊಟ್ಟರೆ ಬೇಡ ಅಂದಳು. ಟವೆಲ್ ಮಾತ್ರ ಅಲ್ಲೇ ಇದೆ.

ಆ ಸೋಮವಾರವೇ ಜರ್ಮನ್ ಕ್ಲಾಸಿಗೆ ಹೆಸರು ಕೊಟ್ಟೆ. ಫೋಕ್ಸ್‌ಹೋಖ್‌ಶೂಲ ಅಂತ ಊರೂರಲ್ಲಿ ಇರುತ್ತೆ, ದೊಡ್ಡವರಿಗೆ ಕಲಿಸುವ ಶಾಲೆ. ಅಲ್ಲಿ ಲಾಹೋರಿನ ಒಬ್ಬಾಕೆ ಸಿಕ್ಕಳು. ನನ್ನ ಹಿಂದಿ ಅಂದರೆ ಗೊತ್ತಲ್ಲ, ಕಲಬುರಗಿಯ ದಖನಿ. ಚಹಾ ಬೇಕಾ ಅಂದರೆ ಬೇಡ ಅನ್ನೋಕೆ "ನಕ್ಕೋ" ಅಂದೆ. ಅವಳು ಬಿದ್ದು ಬಿದ್ದು ನಕ್ಕಳು, ಈಗ ಅವಳೂ "ನಕ್ಕೋ" ಅಂತಾಳೆ. ಈ ದೇಶದಲ್ಲಿ ಗಂಡನನ್ನು ಬಿಟ್ಟರೆ ನಾನು ಹೊಟ್ಟೆ ತುಂಬ ಮಾತಾಡಿದ ಮೊದಲ ಮನುಷ್ಯಳು ಅವಳೇ.

ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ತಗೊಳ್ಳಿ, ಸ್ವಂತ ಹೆಸರಲ್ಲಿ. ತಿಂಗಳ ಪಾಸು, ದೇಶದ ಯಾವ ಊರಿನ ಬಸ್ಸು, ಲೋಕಲ್ ರೈಲು ಬೇಕಾದರೂ ಹತ್ತಬಹುದು, ವೇಗದ ರೈಲು ಮಾತ್ರ ಇಲ್ಲ. 2023ರ ಮೇನಲ್ಲಿ 49 ಯೂರೋಗೆ ಶುರುವಾಯಿತು, ಆಮೇಲೆ ಏರಿದೆ. ಅದರ ಮರುತಿಂಗಳೇ ನಮ್ಮಲ್ಲಿ ಶಕ್ತಿ ಯೋಜನೆ ಬಂತಲ್ಲ, ಅವ್ವ ಪುಕ್ಕಟೆ ಬಸ್ಸಲ್ಲಿ ಗಾಣಗಾಪುರಕ್ಕೆ ಹೋಗಿ ಬಂದು "ನಿಂದು ರೊಕ್ಕ ಕೊಟ್ಟು ತಗೊಂಡಿದ್ದು, ನಂದು ಹಂಗಲ್ಲ" ಅಂತ ಹಂಗಿಸುತ್ತಾಳೆ. ನಾನು ಉಲ್ಮ್, ಟ್ಯೂಬಿಂಗನ್ ಎಲ್ಲ ಒಬ್ಬಳೇ ಸುತ್ತಿದೆ. ಸಂಜೆ ಹೇಳೋಕೆ ನನ್ನ ಬಳಿಯೂ ಏನಾದರೂ ಇರುತ್ತಿತ್ತು.

ಜಗಳ ಆಗುತ್ತೆ. ನಮ್ಮ ಮೊದಲ ದೊಡ್ಡ ಜಗಳ ಕಿಟಕಿಯದು. ಹೊರಗೆ ಮೈನಸ್ ಐದು ಇರುವಾಗ ಅವರು ಎಲ್ಲ ಕಿಟಕಿ ತೆರೆದು ನಿಂತರು, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತೆ ಅಂತ. ನಾನು ಮುಚ್ಚಿದೆ, ಅವರು ತೆರೆದರು. ಮಧ್ಯೆ ಬಂದು ಬಿಡಿಸೋಕೆ ಅತ್ತಿ ಇಲ್ಲ, ಸೀರೆ ಮಡಚಿ ಹೊರಡೋಕೆ ತವರಿಲ್ಲ. (ಬೂಷ್ಟಿನ ಮಾತು ನಿಜ, ಮಲಗುವ ಕೋಣೆ ಮೂಲೆಯಲ್ಲಿ ಬಂತು.) ಒಂದು ಮಾತು, ಜಗಳವಾದ ಕೂಡಲೇ ಊರಿಗೆ ಫೋನ್ ಹಚ್ಚಬೇಡಿ. ನೀವು ರಾತ್ರಿಯೇ ರಾಜಿಯಾಗುತ್ತೀರಿ, ಅಲ್ಲಿ ಅವ್ವ ಎರಡು ವಾರ ನಿದ್ದೆ ಮಾಡಲ್ಲ.

ಫೋನಿನ ವೇಳೆಯೂ ಗೊತ್ತಿರಲಿ. ಅಂತರ ಬೇಸಿಗೆಗೆ ಮೂರೂವರೆ ತಾಸು, ಚಳಿಗಾಲಕ್ಕೆ ನಾಲ್ಕೂವರೆ, ಅಕ್ಟೋಬರ್ ಮತ್ತು ಮಾರ್ಚ್‌ನ ಕೊನೇ ಭಾನುವಾರ ಬದಲಾಗುತ್ತೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಹೊತ್ತು ಮುಳುಗಿ, ಎಂಟಕ್ಕೆ ಮನಸ್ಸು ಭಾರವಾದಾಗ, ಊರಲ್ಲಿ ಹನ್ನೆರಡೂವರೆ. ಎಲ್ಲ ಮಲಗಿರ್ತಾರೆ. ಮೊದಲ ವರ್ಷದ ಎಳ್ಳಮಾವಾಸ್ಯೆ ಜನವರಿಯಲ್ಲಿ ಬಂತು. ಹೊಲದಿಂದ ವಿಡಿಯೋ ಕಾಲ್ ಮಾಡಿದರು. ಅಲ್ಲಿ ಮಧ್ಯಾಹ್ನ ಹನ್ನೆರಡು, ಇಲ್ಲಿ ಏಳೂವರೆ, ಇನ್ನೂ ಕತ್ತಲೆ. ಚರಗ ಚೆಲ್ಲಿ ಆಗಿತ್ತು, ಭಜ್ಜಿ, ಕಡುಬು, ಸಜ್ಜಿ ರೊಟ್ಟಿ ಬಡಿಸುವ ಗಡಿಬಿಡಿಯಲ್ಲಿ ಯಾರೋ ಫೋನನ್ನು ನೆಲದ ಮೇಲೆ ಇಟ್ಟು ಮರೆತರು. ನನಗೆ ಕಂಡದ್ದು ಬರೀ ಆಕಾಶ, ಒಂದು ಕಡೆ ಬೇವಿನ ಟೊಂಗೆ. ಎಲ್ಲರ ಮಾತು ಕೇಳುತ್ತಾ ಇಪ್ಪತ್ತು ನಿಮಿಷ ಆ ಆಕಾಶವನ್ನೇ ನೋಡಿದೆ. ಕಟ್ ಮಾಡಲಿಲ್ಲ.

ಕೊನೆಗೆ ಚೀಲದ ವಿಷಯ. ತುಪ್ಪ, ಖೋವಾ, ಪೇಡಾ ಕಟ್ಟಿಕೊಂಡು ಬರಬೇಡಿ, ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ, ಕಸ್ಟಮ್ಸ್‌ನವರು ಕಂಡರೆ ತೆಗೆದು ಬಿಸಾಕುತ್ತಾರೆ. ತೊಗರಿಬೇಳೆ ಇಲ್ಲೇ ಸಿಗುತ್ತೆ, ಅದಕ್ಕೆ ತೂಕ ಹಾಳು ಮಾಡಬೇಡಿ. ಶೇಂಗಾ ಚಟ್ನಿ ತನ್ನಿ, ಕಡಕ್ ರೊಟ್ಟಿ ತನ್ನಿ, ಆದರೆ ಸ್ಟೀಲ್ ಡಬ್ಬಿಯಲ್ಲಿ, ಮೇಲೆ ಕೆಳಗೆ ಹತ್ತಿ ಬಟ್ಟೆ ಇಟ್ಟು. ನಮ್ಮವ್ವ ಪ್ಲಾಸ್ಟಿಕ್ ಕವರ್‌ನಲ್ಲಿ 40 ಕಟ್ಟಿಕೊಟ್ಟಿದ್ದಳು, ಇಲ್ಲಿ ಬಿಚ್ಚಿದಾಗ ಇಡಿಯಾಗಿ ಇದ್ದದ್ದು 6. ಉಳಿದ ಪುಡಿಯನ್ನು ಇಬ್ಬರೂ ಮೊಸರಲ್ಲಿ ಕಲಸಿಕೊಂಡು ಒಂದು ತಿಂಗಳು ತಿಂದೆವು.