ಆಸ್ಪಿರಿನ್ ಹೊಡೆದರೆ ಗಿಡದ ಹುಳ ಹೋಗುತ್ತದಾ?

ಓದುಗರ ಪತ್ರ: "ಗಿಡಕ್ಕೆ ನರವಿಲ್ಲ, ರಕ್ತವಿಲ್ಲ. ಆದರೂ ಒಂದು ಎಲೆಯನ್ನು ಹುಳ ತಿಂದರೆ ಉಳಿದ ಎಲೆಗಳು ಹುಷಾರಾಗುತ್ತವೆ ಎಂದು ಬರೆದಿದ್ದಿರಿ. ಅದು ಹೇಗೆ? ಇನ್ನೊಂದು, ಆಸ್ಪಿರಿನ್ ಮಾತ್ರೆ ಕರಗಿಸಿ ಹೊಡೆದರೆ ಹುಳ, ರೋಗ ಎರಡೂ ಹೋಗುತ್ತವೆ ಅಂತಾರೆ. ನಿಜವಾ?"

ಸಂಪಾದಕರ ಉತ್ತರ: ಮಾತ್ರೆಯ ವಿಷಯ ಅರ್ಧ ನಿಜ. ಉಳಿದರ್ಧ ಉಲ್ಟಾ. ಅದು ಯಾಕೆಂದು ತಿಳಿಯಲು ನಿಮ್ಮ ಮೊದಲ ಪ್ರಶ್ನೆಯಿಂದಲೇ ಹೊರಡೋಣ.

ಹುಲ್ಲು ಕೊಯ್ದ ಕೂಡಲೇ ಒಂದು ಹಸಿ ವಾಸನೆ ಏಳುತ್ತದೆ, ಅಲ್ವಾ? ಜೀವಕೋಶಗಳು ಹರಿದಾಗ ಅವುಗಳ ಪೊರೆಯ ಕೊಬ್ಬು ಒಡೆದು ಹುಟ್ಟುವ ವಾಸನೆ ಅದು. ಅದೇ ಕೊಬ್ಬು ಬೇರೆ ದಾರಿ ಹಿಡಿದರೆ ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನು ಆಗುತ್ತದೆ. ಗಾಯದ ಸುದ್ದಿ ಸಾರುವುದು ಮುಖ್ಯವಾಗಿ ಇದೇ. ಹೆಸರು ಬಂದದ್ದು ಮಲ್ಲಿಗೆ ಕಡೆಯಿಂದ. ಇದರ ಘಮಘಮಿಸುವ ರೂಪ 1962ರಲ್ಲಿ ಮೊದಲು ಸಿಕ್ಕಿದ್ದು ಮಲ್ಲಿಗೆ ಜಾತಿಯ ಹೂವಿನ ಎಣ್ಣೆಯಲ್ಲಿ.

1972ರಲ್ಲಿ ಗ್ರೀನ್ ಮತ್ತು ರಯಾನ್ ಎಂಬಿಬ್ಬರು ವಿಜ್ಞಾನಿಗಳು ಆಲೂಗಡ್ಡೆ, ಟೊಮೆಟೊ ಗಿಡಗಳ ಮೇಲೆ ಎಲೆ ತಿನ್ನುವ ದುಂಬಿ ಬಿಟ್ಟು ನೋಡಿದರು. ಕಚ್ಚಿದ ಎಲೆಯಲ್ಲಷ್ಟೇ ಅಲ್ಲ, ಹಲ್ಲು ತಾಗದ ಎಲೆಗಳಲ್ಲೂ ಒಂದು ಪ್ರೋಟೀನು ತುಂಬಿಕೊಂಡಿತ್ತು. ಅದು ಹುಳದ ಹೊಟ್ಟೆಯಲ್ಲಿ ಜೀರ್ಣಕ್ರಿಯೆಗೇ ಅಡ್ಡ ಬರುತ್ತದೆ. ತಿಂದದ್ದು ಅರಗದಿದ್ದರೆ ಹುಳ ಬೆಳೆಯುವುದಾದರೂ ಹೇಗೆ? 1990ರಲ್ಲಿ ರಯಾನ್ ಮತ್ತು ಫಾರ್ಮರ್ ಎಂಬ ಇನ್ನೊಬ್ಬ ವಿಜ್ಞಾನಿ ಇನ್ನೊಂದು ತಮಾಷೆ ಕಂಡರು. ಮುಚ್ಚಿದ ಪೆಟ್ಟಿಗೆಯೊಳಗೆ ಸೇಜ್‌ಬ್ರಷ್ ಎಂಬ ಪೊದೆಯ ರೆಂಬೆ ಇಟ್ಟರೆ, ಪಕ್ಕದ ಟೊಮೆಟೊ ಗಿಡ ಗಾಯವೇ ಇಲ್ಲದೆ ಅದೇ ಪ್ರೋಟೀನು ತಯಾರಿಸತೊಡಗಿತು. ಪೊದೆಯಿಂದ ಗಾಳಿಗೆ ಬಂದದ್ದು ಮಲ್ಲಿಗೆಯ ಆ ಘಮವೇ.

ಒಂದೇ ಗಿಡದೊಳಗೆ ಸುದ್ದಿ ಓಡುವುದನ್ನು 2018ರಲ್ಲಿ ಕಣ್ಣಾರೆ ನೋಡಿದರು. ಕ್ಯಾಲ್ಸಿಯಂ ಹೆಚ್ಚಾದ ಕಡೆ ಹೊಳೆಯುವ ಹಾಗೆ ಮಾರ್ಪಡಿಸಿದ ಸಣ್ಣ ಗಿಡ ಅದು. ಹುಳ ಎಲೆಯನ್ನು ಕತ್ತರಿಸುತ್ತಿದ್ದಂತೆ ಬೆಳಕಿನ ಅಲೆಯೊಂದು ಎಲೆಯ ನಾಳದಲ್ಲಿ ಸೆಕೆಂಡಿಗೆ ಸುಮಾರು 1 ಮಿಲಿಮೀಟರಿನಂತೆ ಹರಿದು, ಒಂದೆರಡು ನಿಮಿಷದಲ್ಲಿ ದೂರದ ಎಲೆ ಮುಟ್ಟಿತು. ಅಲ್ಲಿ ಆಮೇಲೆ ಜಾಸ್ಮೋನಿಕ್ ಆಮ್ಲ ಏರಿತು. ನರ ಇಲ್ಲ ನಿಜ, ಆದರೆ ತಂತಿ ಇಲ್ಲ ಅನ್ನುವಂತಿಲ್ಲ.

ಹಾರ್ಮೋನು ಮಾಡುವುದೇನು? ರಕ್ಷಣೆಯ ಜೀನುಗಳು ಗಿಡದಲ್ಲಿ ಮೊದಲೇ ಇರುತ್ತವೆ. ಅವು ಸುಮ್ನೆ ಕೆಲಸ ಶುರು ಮಾಡದಂತೆ ಕಾವಲು ಪ್ರೋಟೀನುಗಳು ಹಿಡಿದಿಟ್ಟಿರುತ್ತವೆ. ಹಾರ್ಮೋನು ಬಂದೊಡನೆ ಗಿಡ ಆ ಕಾವಲುಗಳನ್ನೇ ಪುಡಿ ಮಾಡಿಸುತ್ತದೆ. ಸದಾ ತೆರೆದಿಟ್ಟರೆ ಆಗದೇ ಅಂದರೆ, ಆಗದು. ರಕ್ಷಣೆ ಜಾಸ್ತಿಯಾದರೆ ಬೆಳವಣಿಗೆ ಕುಂಟುತ್ತದೆ.

ಇನ್ನು ರೋಗ. ಬೂದಿ ರೋಗದ ಶಿಲೀಂಧ್ರ, ನಂಜು ರೋಗದ ವೈರಸ್ ಇವಕ್ಕೆ ಜೀವಂತ ಕೋಶವೇ ಬೇಕು. ಇಲ್ಲಿ ಗಿಡ ಬಳಸುವುದು ಸ್ಯಾಲಿಸಿಲಿಕ್ ಆಮ್ಲವನ್ನು, ಅಂದರೆ ಆಸ್ಪಿರಿನ್ನಿನ ಹತ್ತಿರದ ನೆಂಟನನ್ನು. ಸೋಂಕು ತಗುಲಿದ ಕೋಶಗಳನ್ನು ತಾನೇ ಸಾಯಿಸಿ, ರೋಗವನ್ನು ಉಪವಾಸ ಕೆಡವುವುದು ಗಿಡದ ಒಂದು ಉಪಾಯ. 1979ರಲ್ಲಿ ವೈಟ್ ಎಂಬ ವಿಜ್ಞಾನಿ ಹೊಗೆಸೊಪ್ಪಿನ ಎಲೆಗೆ ಆಸ್ಪಿರಿನ್ ಚುಚ್ಚಿದಾಗ ವೈರಸ್ಸಿನ ಕಲೆಗಳು ಕಡಿಮೆಯಾದವು. ನಿಮಗೆ ಯಾರೋ ಹೇಳಿದ್ದರ ಬೇರು ಇಲ್ಲೇ ಇರಬೇಕು.

ಆದರೆ ಈ ಎರಡು ಹಾರ್ಮೋನುಗಳಿಗೆ ಸಾಮಾನ್ಯವಾಗಿ ಎಣ್ಣೆ-ಸೀಗೆಕಾಯಿ. ಒಂದು ಏರಿದರೆ ಇನ್ನೊಂದನ್ನು ತುಳಿಯುತ್ತದೆ. ಕೋಶವನ್ನು ಕೊಂದೇ ತಿನ್ನುವ ಕೊಳೆ ರೋಗ ಬಂದಾಗ, ಗಿಡ ತಾನೇ ಕೋಶ ಸಾಯಿಸಿದರೆ ಬಡಿಸಿಕೊಟ್ಟಂತೆ. ಅಲ್ಲಿ ಜಾಸ್ಮೋನಿಕ್ ಆಮ್ಲ ಮತ್ತು ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನು, ಈ ಜೋಡಿಯೇ ಕೆಲಸಕ್ಕೆ ಬರುವುದು. ಈ ಜಗಳ ಗೊತ್ತಿರುವ ಕಳ್ಳರೂ ಇದ್ದಾರೆ. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಕೊರೊನಟಿನ್ ಎಂಬ ನಕಲಿ ಜಾಸ್ಮೋನಿಕ್ ಹಾರ್ಮೋನು ತಯಾರಿಸುತ್ತವೆ. ಹುಳ ಬಂತೆಂದು ಗಿಡ ಮೋಸಹೋಗುತ್ತದೆ, ಸ್ಯಾಲಿಸಿಲಿಕ್ ಆಮ್ಲ ತಗ್ಗುತ್ತದೆ, ಬ್ಯಾಕ್ಟೀರಿಯಾ ಆರಾಮಾಗಿ ಒಳಗೆ ಕೂರುತ್ತದೆ. ಇಷ್ಟು ಚೊಕ್ಕಟವಾದ ವಂಚನೆ ನಾನಂತೂ ಬೇರೆಲ್ಲೂ ಓದಿಲ್ಲ.

ಈಗ ನಿಮ್ಮ ಮಾತ್ರೆ. ನಮ್ಮ ಮೈಯಲ್ಲಿ ನೋವು, ಊತ ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ಕೂಡ ಪೊರೆಯ ಕೊಬ್ಬಿನಿಂದಲೇ ಹುಟ್ಟುವಂಥದು. ಜಾಸ್ಮೋನಿಕ್ ಆಮ್ಲದ ರಚನೆಯೂ ಅದನ್ನೇ ಹೋಲುತ್ತದೆ. ಆಸ್ಪಿರಿನ್ ನಮ್ಮಲ್ಲಿ ಅದನ್ನು ತಡೆದರೆ, ಗಿಡದಲ್ಲಿ ಇದನ್ನು ತಡೆಯುತ್ತದೆ. ಆಸ್ಪಿರಿನ್ ಉಣಿಸಿದ ಟೊಮೆಟೊ ಎಲೆಗೆ ಗಾಯ ಮಾಡಿದರೆ, ಹುಳದ ಹೊಟ್ಟೆ ಕೆಡಿಸುವ ಆ ಪ್ರೋಟೀನು ಸರಿಯಾಗಿ ಹುಟ್ಟುವುದೇ ಇಲ್ಲ. ಹುಳ ಮೇಯುತ್ತಿರುವ ಗಿಡಕ್ಕೆ ಮಾತ್ರೆ ಹೊಡೆದರೆ ನೀವು ಹುಳದ ಪರ ನಿಂತಂತೆ. ರೋಗಕ್ಕೆಂದು ಹೊಡೆದರೂ ಪ್ರಮಾಣ ತಪ್ಪಿದರೆ ಎಲೆ ಸುಡುತ್ತದೆ. ಮೊದಲು ಎಲೆ ಮಗುಚಿ ನೋಡಿ. ಹುಳ ಇದ್ದರೆ ಕೈಯಲ್ಲೇ ಹೆಕ್ಕಿ ತೆಗೆಯಿರಿ.