ವಿಜಯಪುರದ ಮನೆ ಅಟ್ಟದಲ್ಲಿ ಅಜ್ಜನ ಕಾಲದ ಬಿಲ್ಲು ಸಿಕ್ಕಿದೆ. ಮನೆಯಲ್ಲೇ ಕ್ಲೀನ್ ಮಾಡಿ ಮತ್ತೆ ಬಳಸಬಹುದಾ?

ಕ್ಲೀನ್ ಮಾಡೋದು ಸುಲಭ. ಬಳಸಬಹುದಾ ಅನ್ನೋದನ್ನು ಮೊದಲು ನೋಡಬೇಕು. ಮರದ ಹಿಡಿ, ಎರಡೂ ತೋಳುಗಳ (ಹಿಡಿಯ ಮೇಲೆ, ಕೆಳಗೆ ಬಾಗುವ ಭಾಗಗಳ) ಮೇಲೆ ಗಾಜಿನಂಥ ಪದರ, ಮುಂದಕ್ಕೆ ಬಾಗಿದ ತುದಿ ಅಂತ ಬರೆದಿದ್ದೀರಿ. ಹಾಗಾದರೆ ಅದು ಫೈಬರ್‌ಗ್ಲಾಸ್ ಅಂಟಿಸಿದ ರಿಕರ್ವ್ ಬಿಲ್ಲು. ಇಂಥವು 1950ರ ದಶಕದಿಂದ ಜಾಸ್ತಿ ಬಂದವು. ಅದರ ಮೇಲಿರುವ 45 ಪೌಂಡ್, 28 ಇಂಚು ಅಂದರೆ, 28 ಇಂಚು ಎಳೆದಾಗ ಕೈಗೆ 45 ಪೌಂಡ್ ಬಲ ಬೀಳುತ್ತೆ. ಆ ಬರಹ ಅಳಿಸದ ಹಾಗೆ ನೋಡಿಕೊಳ್ಳಿ.

ನಮ್ಮ ಬೆಳಗಾವಿಯಲ್ಲಿ ಮಳೆಗಾಲದ ಬೂಷ್ಟಿನದೇ ಕಾಟ. ಅದು ಒರೆಸಿದರೆ ಹೋಗುತ್ತೆ. ನಿಮ್ಮ ಕಡೆ ತಗಡಿನ ಕೆಳಗಿನ ಅಟ್ಟದಲ್ಲಿ ಬೇಸಿಗೆ ಕಳೆದ ಬಿಲ್ಲಿಗೆ ದೊಡ್ಡ ಭಯ ಅಂಟಿನದು. ಬಿಸಿಗೆ ಅಂಟು ಸಡಿಲ ಆಗುತ್ತೆ. ಟಾರ್ಚ್ ಹಿಡಿದು ತೋಳಿನ ಅಂಚನ್ನು ಉದ್ದಕ್ಕೂ ನೋಡಿ. ಮರಕ್ಕೂ ಫೈಬರ್‌ಗೂ ನಡುವೆ ಉಗುರು ಸಿಕ್ಕಿಕೊಳ್ಳುತ್ತಾ? ಸಿಕ್ಕಿಕೊಂಡರೆ ಅಲ್ಲಿ ಅಂಟು ಬಿಟ್ಟಿದೆ ಅಂತ ಅರ್ಥ. ಆಮೇಲೆ ಸ್ವಲ್ಪ ಹತ್ತಿ ತಗೊಂಡು ತೋಳಿನ ಮೇಲೆಲ್ಲ ಸವರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತೋ ಅಲ್ಲಿ ಸಿಬರು ಎದ್ದಿದೆ. ಉದ್ದಕ್ಕೆ ಹೋಗುವ ಕೂದಲೆಳೆಯಂಥ ಗೆರೆ ಹೆಚ್ಚಾಗಿ ತೊಂದರೆ ಕೊಡಲ್ಲ. ಅಡ್ಡ ಬಿರುಕಿದ್ದರೆ ಗೋಡೆಗೆ ತೂಗುಹಾಕಿ, ಅಷ್ಟೇ.

ಎಲ್ಲ ಸರಿ ಇದ್ದರೆ ಒಂದು ಹನಿ ಪಾತ್ರೆ ಸೋಪು, ಚೆನ್ನಾಗಿ ಹಿಂಡಿದ ಬಟ್ಟೆ, ತಕ್ಷಣ ಒಣ ಬಟ್ಟೆ. ಹಿಡಿಯ ಹತ್ತಿರ ಕಪ್ಪು ಜಿಡ್ಡು ಅಂದಿರಲ್ಲ, ಅದು ವರ್ಷ ವರ್ಷ ಖಂಡೇ ಪೂಜೆಗೆ ಹಚ್ಚಿದ ಎಣ್ಣೆ, ಕುಂಕುಮ ಧೂಳಿನ ಜೊತೆ ಗಟ್ಟಿಯಾಗಿದ್ದಿರಬೇಕು. ಬಟ್ಟೆಗೆ ಸ್ವಲ್ಪ ಟರ್ಪಂಟೈನ್ ಹಾಕಿ ಒರೆಸಿದರೆ ಕಂದು ಬಣ್ಣದಲ್ಲಿ ಬಿಟ್ಟುಕೊಳ್ಳುತ್ತೆ. ಮೊದಲು ಕಾಣದ ಜಾಗದಲ್ಲಿ ನೋಡಿ. ಪೇಂಟ್ ಅಂಗಡಿಯವರು ಥಿನ್ನರ್, ಪೇಂಟ್ ರಿಮೂವರ್ ಕೊಟ್ಟರೆ ಬೇಡ ಅನ್ನಿ. ಹಳೇ ವಾರ್ನಿಶ್ ಕಿತ್ತು ಬರುತ್ತೆ, ಅಂಟಿಗೂ ಪೆಟ್ಟು. ಮರಳು ಕಾಗದದಲ್ಲಿ ಫೈಬರ್ ಉಜ್ಜಲೂ ಬೇಡಿ, ಆ ಧೂಳು ಶ್ವಾಸಕ್ಕೆ ಕೆಟ್ಟದ್ದು. ಕಳೆಗುಂದಿದ್ದರೆ ಮೇಣದ ಪಾಲಿಶ್ ಸಾಕು. ನನ್ನ ಪ್ರಕಾರ ಹಳೇ ಬಿಲ್ಲಿಗೆ ಹಳೇ ಗೀರುಗಳೇ ಚೆಂದ.

ಹೆದೆ ಮಾತ್ರ ಹೊಸದು ಹಾಕಿ, ಡಾಕ್ರಾನ್‌ದೇ (ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್ ದಾರ) ಆಗಬೇಕು. ಈಗಿನ ಹಿಗ್ಗದ ದಾರಗಳ ಹೊಡೆತಕ್ಕೆ ಹಳೇ ತುದಿಗಳು ಸೀಳಬಹುದು. ಬಿಲ್ಲಿನ ಮೇಲೆ ಎಎಂಒ 62 (ಬಿಲ್ಲು ತಯಾರಕರ ಸಂಘದ ಅಳತೆಯಲ್ಲಿ ಬಿಲ್ಲಿನ ಉದ್ದ 62 ಇಂಚು) ಅಂತಿದ್ದರೆ ಹೆದೆ ಸುಮಾರು 58 ಇಂಚು. ಕಾಲು ಮಧ್ಯೆ ಸಿಕ್ಕಿಸಿ ಬಗ್ಗಿಸಬೇಡಿ, ತೋಳು ತಿರುಚಿಕೊಳ್ಳುತ್ತೆ. ಹೆದೆ ಏರಿಸುವ ಸ್ಟ್ರಿಂಗರ್ ಹಗ್ಗ ಸಿಗುತ್ತೆ, ಅದು ತಗೊಳ್ಳಿ. ಏರಿಸಿದ ಮೇಲೆ ಸ್ವಲ್ಪ ಸ್ವಲ್ಪವೇ ಎಳೆದು, ಮೆಲ್ಲಗೆ ವಾಪಸ್ ತನ್ನಿ. ಬಾಣ ಇಲ್ಲದೆ ಹೆದೆ ಬಿಡಲೇಬೇಡಿ.

ಅಕಸ್ಮಾತ್ ಅದು ಫೈಬರ್ ಅಲ್ಲ, ಪ್ರಾಣಿಯ ಕೊಂಬು ಮತ್ತು ನರ ಸೇರಿಸಿ ಮಾಡಿದ ಬಿಲ್ಲು ಅಂತ ಅನುಮಾನ ಬಂದರೆ ನೀರು ಸೋಕಿಸಬೇಡಿ. ಅದನ್ನು ಹಿಡಿದಿರೋದು ಸರೇಸು, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು, ನೀರಿಗೆ ಕರಗುತ್ತೆ. ಗೋಳಗುಮ್ಮಟದ ಮುಂದಿನ ನಗಾರಖಾನೆ ಮ್ಯೂಸಿಯಂನಲ್ಲಿ ಕೇಳಿ ನೋಡಿ, ನಿಮ್ಮೂರಲ್ಲೇ ಇದೆ ಅಲ್ವಾ.