ಕರಾರಿಲ್ಲದೆ ಲೇಬಲ್ ನಡೆಸಬಹುದು, ಲೆಕ್ಕವಿಲ್ಲದೆ ಆಗದು

ಗೆಳೆಯರೊಡನೆ, ರೆಕಾರ್ಡುಗಳನ್ನು ಹೊರತರುವ ಸಣ್ಣ ಸಂಗೀತ ಲೇಬಲ್ ತೆರೆಯಲಿದ್ದೀರಿ. ಡಿಸ್ಕಾರ್ಡ್ ಲೇಬಲ್ ಕಟ್ಟಿದ ವಾಷಿಂಗ್ಟನ್ನಿನ ಪಂಕ್ ರಾಕ್ ಸಂಗೀತಗಾರ ಇಯಾನ್ ಮಕಾಯ್ ಅವರಂತೆ ತಂಡಗಳೊಡನೆ ಕರಾರುಪತ್ರವಿಲ್ಲದೆ, ಕಡಿಮೆ ಬೆಲೆಗೆ ಮಾರುತ್ತ, ಹೋರಾಟಗಳಿಗೆ ಹಣ ಕೊಡುತ್ತ ನಡೆಸಿದರೆ ಅದು ಉಳಿಯುತ್ತದೆಯೇ, ಇಲ್ಲವೇ ತತ್ವ ಮತ್ತು ವ್ಯಾಪಾರಗಳಲ್ಲಿ ಒಂದನ್ನು ಬಿಡಲೇಬೇಕೇ ಎಂದು ಕೇಳಿದ್ದೀರಿ. ನಾನು ಅದನ್ನೇ ಮಾಡಲು ಹೋಗಿ ಕೈಸುಟ್ಟುಕೊಂಡವನು.

1990ರ ದಶಕದ ಕೊನೆಯಲ್ಲಿ ಓದಲೆಂದು ಮೇರಿಲ್ಯಾಂಡಿಗೆ ಹೋದ ನನಗೆ ಮಕಾಯ್ ಅವರ ಫುಗಾಜಿ ತಂಡದ ಹುಚ್ಚು ಹಿಡಿಯಿತು. ಟಿಕೆಟ್ ಸಾಮಾನ್ಯವಾಗಿ ಐದೇ ಡಾಲರ್, ಎಲ್ಲ ವಯಸ್ಸಿನವರಿಗೂ ಪ್ರವೇಶ. ತಂಡದ ಹೆಸರಿನ ಟೀ ಶರ್ಟುಗಳನ್ನು ಅವರು ಮಾರುತ್ತಲೇ ಇರಲಿಲ್ಲ. ಸಭೆಯಲ್ಲಿ ಯಾರಾದರೂ ಇತರರನ್ನು ಗುದ್ದಿ ನೂಕಾಡಿದರೆ ಹಾಡು ನಿಲ್ಲಿಸಿ, ಐದು ಡಾಲರಿನ ನೋಟು ಹಾಕಿಟ್ಟ ಲಕೋಟೆಯನ್ನು ಕೈಗಿತ್ತು ಆತನನ್ನು ಹೊರಗೆ ಕಳುಹಿಸುವ ಪದ್ಧತಿಯೂ ಅವರಲ್ಲಿತ್ತು. 1980ರಲ್ಲಿ ಮಕಾಯ್ ಮತ್ತು ಅವರ ಗೆಳೆಯರು ಫುಗಾಜಿಗೂ ಮೊದಲಿನ ತಮ್ಮ ಟೀನ್ ಐಡಲ್ಸ್ ತಂಡ ಒಡೆದಾಗ, ಸಂಗೀತ ಕಛೇರಿಗಳಿಂದ ಉಳಿಸಿದ್ದ ಹಣದಲ್ಲಿ ಆ ತಂಡದ ರೆಕಾರ್ಡಿನ 1000 ಪ್ರತಿಗಳನ್ನು ಹೊರತಂದು ಡಿಸ್ಕಾರ್ಡ್ ಲೇಬಲ್ ಆರಂಭಿಸಿದರು. ರೆಕಾರ್ಡಿನ ಹೊದಿಕೆ ಹೇಗಿರಬೇಕೆಂದು ತಿಳಿಯಲು ಬೇರೊಂದು ರೆಕಾರ್ಡಿನ ಹೊದಿಕೆಯ ಅಂಟು ಬಿಡಿಸಿ ಹರವಿ, ಅದರ ಆಕಾರವನ್ನು ಗೀಚಿಕೊಂಡು, ಪ್ರತಿಯೊಂದನ್ನೂ ತಾವೇ ಕತ್ತರಿಸಿ ಮಡಚಿ ಅಂಟಿಸಿದರು. ಈ ಕಥೆ ಕೇಳಿದ ನನ್ನಂಥವನು ಸುಮ್ಮನಿರುವುದುಂಟೇ? ಕೂಡಲೇ ಇಬ್ಬರು ಸಹಪಾಠಿಗಳೊಡನೆ ಲೇಬಲ್ ತೆರೆದು, ಪರಿಚಯದ ತಂಡವೊಂದರ ಏಳು ಅಂಗುಲದ ರೆಕಾರ್ಡನ್ನು ನನ್ನ ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ಹೊರತಂದೆ.

ನನ್ನ ತಪ್ಪನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ನಷ್ಟವೆಲ್ಲ ಬಂದದ್ದು ಅದೊಂದರಿಂದಲೇ. ಡಿಸ್ಕಾರ್ಡಿನಲ್ಲಿ ಕರಾರುಪತ್ರವಿಲ್ಲ ಎಂಬುದನ್ನು ನಾನು ಲೆಕ್ಕಪುಸ್ತಕವೂ ಬೇಡ ಎಂದು ಅರ್ಥಮಾಡಿಕೊಂಡೆ. ರೆಕಾರ್ಡುಗಳಲ್ಲಿ ಕೆಲವು ಕಾಲೇಜು ರೇಡಿಯೊಗಳಿಗೆ ಉಚಿತವಾಗಿ ಹೋದವು, ಕೆಲವು ಮಾರಾಟವಾದ ಮೇಲೆ ಹಣ ಎಂಬ ಷರತ್ತಿನ ಮೇಲೆ ಅಂಗಡಿಗಳಿಗೆ ಹೋದವು, ಕೆಲವನ್ನು ತಂಡದವರೇ ಪೆಟ್ಟಿಗೆಗಟ್ಟಲೆ ಪ್ರವಾಸಕ್ಕೆ ಒಯ್ದರು. ಎಲ್ಲಿಗೆ ಎಷ್ಟು ಹೋಯಿತೆಂದು ಒಂದು ಸಾಲನ್ನೂ ನಾನು ಬರೆದಿಡಲಿಲ್ಲ, ಬರೆದಿಟ್ಟರೆ ಗೆಳೆಯರನ್ನು ಅನುಮಾನಿಸಿದಂತಾಗುತ್ತದೆ ಎಂದು ನಂಬಿದ್ದೆ. ಬಂದ ನಗದೆಲ್ಲ ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಬೀಳುತ್ತಿತ್ತು. ಅಂಚೆಚೀಟಿ, ಪೆಟ್ರೋಲು, ರಾತ್ರಿಯ ಪಿಜ್ಜಾ ಎಲ್ಲಕ್ಕೂ ಅದೇ ಡಬ್ಬಿ. ಆಮೇಲೆ ಮನೆಯಿಲ್ಲದವರ ಆಶ್ರಯಧಾಮವೊಂದಕ್ಕಾಗಿ ಕಛೇರಿ ಏರ್ಪಡಿಸಿ, ಬಾಗಿಲಲ್ಲಿ ಸಂಗ್ರಹವಾದ ಅಷ್ಟೂ ಹಣವನ್ನು ಅಂದೇ ರಾತ್ರಿ ಒಪ್ಪಿಸಿಬಿಟ್ಟೆ. ಸಭಾಂಗಣದ ಬಾಡಿಗೆ, ಧ್ವನಿ ವ್ಯವಸ್ಥೆಯವನ ಕೂಲಿ, ಪರಊರಿನಿಂದ ಬಂದ ತಂಡದ ದಾರಿಖರ್ಚು ಇವ್ಯಾವುದನ್ನೂ ಅದರಿಂದ ಕಳೆಯದೆ ಮರುದಿನ ಡಬ್ಬಿಯಿಂದ ತೆಗೆದು ಕೊಟ್ಟೆ. ಡಬ್ಬಿಯಲ್ಲಿದ್ದದ್ದು ರೆಕಾರ್ಡಿನ ತಂಡದ ಪಾಲು. ಹೀಗೆ ಊರ ದನದಿಂದ ಗೋದಾನ ಮಾಡಿ ಉದಾರಿ ಎನಿಸಿಕೊಂಡೆ. ಆ ತಂಡದ ಡ್ರಮ್ ವಾದಕ ಮನೆ ಬಾಡಿಗೆಗಾಗಿ ತನ್ನ ಪಾಲು ಕೇಳಿದಾಗ ಕೊಡಲು ಹಣವೂ ಇರಲಿಲ್ಲ, ತೋರಿಸಲು ಕಾಗದವೂ ಇರಲಿಲ್ಲ. ಆತ ನನ್ನನ್ನು ಕಳ್ಳನೆಂದು ಕರೆದ. ಅಲ್ಲವೆಂದು ಸಾಧಿಸಲು ನನ್ನ ಬಳಿ ಏನೂ ಇರಲಿಲ್ಲ. ಕಾರ್ಡಿನ ಸಾಲ ತೀರುವ ಎಷ್ಟೋ ಮೊದಲೇ ಗೆಳೆತನ ತೀರಿತ್ತು.

ಆದ್ದರಿಂದ ತತ್ವವೋ ವ್ಯಾಪಾರವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಕಾಯ್ ಅವರ ತತ್ವ ಇದ್ದದ್ದೇ ವ್ಯಾಪಾರ ಮಾಡಿದ ಬಗೆಯಲ್ಲಿ. ಅಂಚೆವೆಚ್ಚ ಸೇರಿದ ಬೆಲೆಯನ್ನು ಹೊದಿಕೆಯ ಮೇಲೆಯೇ ಅಚ್ಚು ಹಾಕಿಸಿದ್ದರಿಂದ, ಅಂಗಡಿಯವನು ಹೆಚ್ಚಿಗೆ ಕೇಳಿದರೆ ಗಿರಾಕಿ ನೇರವಾಗಿ ತರಿಸಿಕೊಳ್ಳಬಹುದಿತ್ತು. ಫುಗಾಜಿಯ ಟಿಕೆಟ್ ಅಗ್ಗವಾಗಿಯೇ ಉಳಿದದ್ದು, ಮ್ಯಾನೇಜರ್ ಇಲ್ಲದೆ ಕಛೇರಿಗಳನ್ನು ತಾವೇ ಗೊತ್ತುಮಾಡಿ, ವ್ಯಾನಿನಲ್ಲಿ ತಿರುಗಿ, ಖರ್ಚನ್ನು ಬಿಗಿಹಿಡಿದದ್ದರಿಂದ. ಅವರ ಹೋರಾಟಕ್ಕೂ ಇದೇ ಶಿಸ್ತಿತ್ತು. 1985ರಲ್ಲಿ ಹುಟ್ಟಿದ ಪಾಸಿಟಿವ್ ಫೋರ್ಸ್ ಎಂಬ ಯುವಜನರ ಗುಂಪಿನೊಡನೆ ಸೇರಿ ವಾಷಿಂಗ್ಟನ್ನಿನಲ್ಲಿ ಅವರು ಸಹಾಯಾರ್ಥ ಕಛೇರಿಗಳನ್ನು ನಡೆಸಿದರು. 1991ರ ಜನವರಿ 12ರಂದು, ಕೊಲ್ಲಿ ಯುದ್ಧ ಇನ್ನೇನು ಆರಂಭವಾಗಲಿದ್ದಾಗ, ಶ್ವೇತಭವನದ ಎದುರಿನ ಲಾಫಾಯೆಟ್ ಉದ್ಯಾನದಲ್ಲಿ ಚಳಿಯಲ್ಲಿ ನಿಂತು ನುಡಿಸಿದರು. ಸ್ವಂತ ಊರಿನ ಕಛೇರಿಗಳು ಬಹುತೇಕ ಉಚಿತ ಅಥವಾ ಸಹಾಯಾರ್ಥವಾಗಿದ್ದವು, ಸಂಪಾದನೆ ಪ್ರವಾಸಗಳಿಂದ ಬರುತ್ತಿತ್ತು. ಯಾವ ಹಣ ಯಾವುದಕ್ಕೆ ಎಂಬ ಗೆರೆ ಅಲ್ಲಿ ಸ್ಪಷ್ಟವಾಗಿತ್ತು. ನಾನು ಕಾಣದೆ ಹೋದದ್ದು ಆ ಗೆರೆಯನ್ನೇ.

ಕರಾರು ಬೇಡವೆಂದರೆ ಬೇಡ. ಆದರೆ ಒಂದೊಂದು ರೆಕಾರ್ಡಿಗೂ ಪ್ರತ್ಯೇಕ ಪುಟವಿಟ್ಟು, ಉಚಿತ ಪ್ರತಿಯನ್ನೂ ಬಿಡದೆ ಬರೆಯಿರಿ ಮತ್ತು ಆ ಪುಟವನ್ನು ತಂಡದವರು ಕೇಳುವ ಮೊದಲೇ ಅವರಿಗೆ ಕಳುಹಿಸಿರಿ. ಸಹಾಯಾರ್ಥ ಕಛೇರಿಯಾದರೆ ಖರ್ಚು ಕಳೆದು ಕೊಡುತ್ತೀರೋ, ಅಷ್ಟನ್ನೂ ಕೊಡುತ್ತೀರೋ ಎಂಬುದನ್ನು ಭಿತ್ತಿಪತ್ರದಲ್ಲಿಯೇ ಮುದ್ರಿಸಿರಿ. ಐದು ಡಾಲರಿನ ಅಂಕಿಯನ್ನು ಮಾತ್ರ ನಕಲು ಮಾಡಬೇಡಿ. ಅದು ಅವರ ವ್ಯಾನು, ಅವರ ಸಭಾಂಗಣ, ಅವರ ಕಾಲದ ಖರ್ಚಿನಿಂದ ಹುಟ್ಟಿದ ದರ. ನಿಮ್ಮ ಸಭಾಂಗಣದ ಮಾಲೀಕನೊಡನೆ ಕುಳಿತು, ನಿಗದಿತ ಬಾಡಿಗೆಯ ಬದಲು ಬಾಗಿಲ ಹಣದಲ್ಲಿ ಪಾಲಿಗೆ ಆತ ಒಪ್ಪುತ್ತಾನೆಯೇ ಎಂದು ಮೊದಲು ಕೇಳಿರಿ, ದರವನ್ನು ಆಮೇಲೆ ಬರೆಯಬಹುದು.